ಮಹಾಚಾಯ್‌ನ ಬರ್ಮಾ ಕಾರ್ಮಿಕರು: ಓಟಿ ಬಾಕಿ, ಪಾಸ್‌ಪೋರ್ಟ್, ಮಗುವಿನ ಶಾಲೆ

ಪ್ರಶ್ನೆ: ಪತಿಯ ಉದ್ಯೋಗದ ನಿಮಿತ್ತ ಥಾಯ್ಲೆಂಡಿನ ಸಮುತ್ ಸಾಖೋನ್ ಪ್ರಾಂತ್ಯದ ಮಹಾಚಾಯ್‌ನಲ್ಲಿದ್ದೇವೆ. ಇಲ್ಲಿಗೆ ಬರುವ ಮುಂಚೆ ನಾನು ಶಿವಮೊಗ್ಗದಲ್ಲಿ ಹೈಸ್ಕೂಲ್ ಶಿಕ್ಷಕಿಯಾಗಿದ್ದೆ. ನಮ್ಮ ಬೀದಿಯ ಹಿಂದೆ ಬರ್ಮಾದಿಂದ ಬಂದ ಕಾರ್ಮಿಕರ ಬಾಡಿಗೆ ಕೋಣೆಗಳಿವೆ. ಅಲ್ಲಿರುವ ಒಬ್ಬ ಹೆಣ್ಣುಮಗಳು ಸಿಗಡಿ ಕಾರ್ಖಾನೆಯಲ್ಲಿ ದಿನಗೂಲಿಗೆ ದುಡಿಯುತ್ತಾರೆ. ದಿನಾ ಮೂರು ಗಂಟೆ ಓಟಿ (ನಿಗದಿತ ಹೊತ್ತು ಮೀರಿದ ಕೆಲಸ) ಮಾಡಿಸಿಕೊಂಡು ಮೂರು ತಿಂಗಳಿಂದ ಅದರ ದುಡ್ಡು ಕೊಟ್ಟಿಲ್ಲವಂತೆ. ಪಾಸ್‌ಪೋರ್ಟ್ ಸೂಪರ್‌ವೈಸರ್ ಬಳಿ ಇದೆ. ಎಂಟು ವರ್ಷದ ಮಗ ದಿನವಿಡೀ ಕೋಣೆಯಲ್ಲೇ ಇರುತ್ತಾನೆ. ದೂರು ಕೊಡಿಸಬಹುದೇ? ಕೊಟ್ಟರೆ ಕೆಲಸ ಹೋಗುವುದಿಲ್ಲವೇ? ಮಗುವನ್ನು ಶಾಲೆಗೆ ಸೇರಿಸಲು ಸಾಧ್ಯವೇ? ಇವರಿಗೆಲ್ಲ ನಾನೇ ಪಾಠ ಹೇಳಿಕೊಡಬಹುದೇ?

ಉತ್ತರ: ದೂರು ಕೊಡಬಹುದು, ಮಗುವನ್ನು ಶಾಲೆಗೂ ಸೇರಿಸಬಹುದು. ಎರಡಕ್ಕೂ ಥಾಯ್ ಕಾನೂನಿನಲ್ಲಿ ದಾರಿ ಇದೆ. ಇಂಥ ಪ್ರಕರಣಗಳು ಬಿದ್ದುಹೋಗುವುದು ಕಾನೂನು ಇಲ್ಲದ್ದಕ್ಕಲ್ಲ. ದುಡಿದ ಗಂಟೆಗಳ ಲೆಕ್ಕ ಯಾರೂ ಬರೆದಿಟ್ಟಿರುವುದಿಲ್ಲ, ಗಡುವು ಮೀರಿರುತ್ತದೆ, ಇಲ್ಲವೇ ಓದಲು ಬಾರದ ಥಾಯ್ ಕಾಗದದ ಮೇಲೆ ಸಹಿ ಬಿದ್ದಿರುತ್ತದೆ. ಮರುಕಪಟ್ಟು ಆತುರಕ್ಕೆ ಬಿದ್ದ ನೆರೆಹೊರೆಯವರಿಂದಲೂ ಎಷ್ಟೋ ಪ್ರಕರಣ ಕೆಟ್ಟಿವೆ.

ಆದ್ದರಿಂದ ಮೊದಲು ಮಾಡಬಾರದ್ದನ್ನು ಹೇಳುತ್ತೇನೆ. ಆಕೆಯ ಪರವಾಗಿ ಕಾರ್ಖಾನೆಗೆ ಹೋಗಿ ಮಾತಾಡಬೇಡಿ. ಕಾರ್ಖಾನೆಯ ಹೆಸರು ಹಾಕಿ ಫೇಸ್‌ಬುಕ್ಕಿನಲ್ಲಿ ಬರೆಯಬೇಡಿ. ಥಾಯ್ಲೆಂಡಿನಲ್ಲಿ ಮಾನಹಾನಿ ಜೈಲುಶಿಕ್ಷೆಯಾಗಬಲ್ಲ ಅಪರಾಧ, ಮಾಲೀಕರು ಅದನ್ನು ಬಳಸುತ್ತಾರೆ ಕೂಡ. ಲೋಪ್‌ಬುರಿ ಪ್ರಾಂತ್ಯದ ಕೋಳಿ ಫಾರ್ಮೊಂದರ 14 ಮಂದಿ ಬರ್ಮಾ ಕಾರ್ಮಿಕರು 2016ರಲ್ಲಿ ಕೂಲಿ ಬಾಕಿಗಾಗಿ ದೂರು ಕೊಟ್ಟರು. 17 ಲಕ್ಷ ಬಾತ್ ಪರಿಹಾರದ ಆದೇಶ ಸುಪ್ರೀಂ ಕೋರ್ಟಿನವರೆಗೂ ಹೋಗಿ ಉಳಿಯಿತು. ಆದರೆ ನಡುವೆ ಅದೇ ಕಾರ್ಮಿಕರ ಮೇಲೆ ಮಾನಹಾನಿ ಮೊಕದ್ದಮೆ ಬಿತ್ತು. ತಮ್ಮದೇ ಹಾಜರಿ ಕಾರ್ಡುಗಳನ್ನು ಅಧಿಕಾರಿಗಳಿಗೆ ತೋರಿಸಲು ತೆಗೆದುಕೊಂಡು ಹೋದರೆಂದು ಕಳ್ಳತನದ ಆರೋಪವನ್ನೂ ಹೊರಿಸಲಾಯಿತು. ಕೊನೆಗೆ ಖುಲಾಸೆಯಾದರು, ನಿಜ. ಅಷ್ಟರಲ್ಲಿ ವರ್ಷಗಳು ಕಳೆದಿದ್ದವು. ಇದರಿಂದ ಕಲಿಯಬೇಕಾದ್ದು ಇಷ್ಟು: ಹಾಜರಿ ಕಾರ್ಡಿನ ಫೋಟೊ ತೆಗೆದುಕೊಳ್ಳಲಿ, ಕಾರ್ಡನ್ನು ಮಾತ್ರ ಕಾರ್ಖಾನೆಯಿಂದ ಆಚೆ ತರಬಾರದು.

ಈಗ ಆಕೆಯ ಕಾಗದಪತ್ರ ನೋಡಿ. ಬರ್ಮಾದ ಕಾರ್ಮಿಕರು ಇಲ್ಲಿ ಮುಖ್ಯವಾಗಿ ಎರಡು ದಾರಿಯಲ್ಲಿ ಕಾನೂನುಬದ್ಧರಾಗಿರುತ್ತಾರೆ. ಒಂದು, 2003ರ ಉಭಯ ಸರ್ಕಾರಗಳ ಒಪ್ಪಂದದಂತೆ ಪಾಸ್‌ಪೋರ್ಟ್, ವೀಸಾ ಮಾಡಿಸಿಕೊಂಡು ಬರುವುದು. ಇದನ್ನು ಎಲ್ಲರೂ ‘ಎಂಒಯು’ ಎನ್ನುತ್ತಾರೆ. ಎರಡು ವರ್ಷದ ಅವಧಿ, ಇನ್ನೆರಡು ವರ್ಷ ಮುಂದುವರಿಸಬಹುದು. ಇನ್ನೊಂದು, ಹೇಗೋ ಒಳಗೆ ಬಂದವರಿಗೆ ಥಾಯ್ ಸಚಿವ ಸಂಪುಟ ಆಗಾಗ ನೋಂದಣಿ ತೆರೆದಾಗ ಸಿಗುವ ಗುಲಾಬಿ ಕಾರ್ಡು. ಅದರಲ್ಲಿ 00ಯಿಂದ ಶುರುವಾಗುವ 13 ಅಂಕಿಯ ಸಂಖ್ಯೆ ಇರುತ್ತದೆ. ಹಲವರಿಗೆ ಅದರ ಹಿಂಬದಿಯಲ್ಲೇ ವರ್ಕ್ ಪರ್ಮಿಟ್ ಮುದ್ರಿತವಾಗಿರುತ್ತದೆ. ಯಾವುದೇ ಇರಲಿ, ವರ್ಕ್ ಪರ್ಮಿಟ್‌ನಲ್ಲಿರುವ ಮಾಲೀಕರ ಹೆಸರು ಮತ್ತು ಸಂಬಳದ ಚೀಟಿಯಲ್ಲಿರುವ ಕಂಪನಿಯ ಹೆಸರು ಒಂದೇ ಎಂದು ನೋಡಿಕೊಳ್ಳಿ. ಮಹಾಚಾಯ್‌ನಲ್ಲಿ ಕೆಲಸ ಒಂದು ಕಡೆ, ಕಾಗದ ಏಜೆನ್ಸಿಯ ಹೆಸರಿನಲ್ಲಿ ಎಂಬಂತಿರುವುದು ಹೊಸತಲ್ಲ. ಆಗ ದೂರು ಯಾರ ಮೇಲೆ ಎಂಬುದೇ ಗೊಂದಲವಾಗುತ್ತದೆ. ಇಬ್ಬರ ಹೆಸರನ್ನೂ ಬರೆಯಬೇಕಾಗುತ್ತದೆ.

ಹೆಸರಿನ ವಿಚಾರ ಇನ್ನೊಂದಿದೆ. ಬರ್ಮಾದವರಿಗೆ ಮನೆತನದ ಹೆಸರು ಇರುವುದಿಲ್ಲ. ‘ಮಾ’, ‘ಡೋ’, ‘ಕೋ’ ಎಂಬ ಗೌರವಸೂಚಕಗಳು ಒಂದು ದಾಖಲೆಯಲ್ಲಿ ಹೆಸರಿನ ಭಾಗವಾಗಿ ಸೇರಿ, ಇನ್ನೊಂದರಲ್ಲಿ ಬಿಟ್ಟುಹೋಗಿರುತ್ತವೆ. ಜೊತೆಗೆ ಥಾಯ್ ಲಿಪಿಗೆ ಬರೆದುಕೊಂಡ ಗುಮಾಸ್ತರು ಒಬ್ಬೊಬ್ಬರೂ ಒಂದೊಂದು ಕಾಗುಣಿತ ಹಾಕಿರುತ್ತಾರೆ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯುವಾಗ ನಮ್ಮವರು ಪಡುವ ಪಾಡು ನಿಮಗೆ ಗೊತ್ತೇ ಇದೆ, ಇದೂ ಅದೇ ಥರ. ಪಾಸ್‌ಪೋರ್ಟ್, ಗುಲಾಬಿ ಕಾರ್ಡು, ಸಂಬಳದ ಚೀಟಿ, ಬ್ಯಾಂಕ್ ಪುಸ್ತಕ ಇಷ್ಟರಲ್ಲಿ ಹೆಸರು ಹೇಗೆ ಹೇಗಿದೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ದೂರಿನ ಜೊತೆ ಆ ಹಾಳೆ ಹೋದರೆ ಮುಂದೆ ಒಂದು ತಿಂಗಳ ಓಡಾಟ ಉಳಿಯುತ್ತದೆ.

ಇನ್ನು ಹಣದ ಲೆಕ್ಕ. 1998ರ ಕಾರ್ಮಿಕ ರಕ್ಷಣಾ ಕಾಯ್ದೆ ಎಲ್ಲ ಕಾರ್ಮಿಕರಿಗೂ ಅನ್ವಯ. ಥಾಯ್ ಪ್ರಜೆಯೋ ಅಲ್ಲವೋ, ಪರ್ಮಿಟ್ ಇದೆಯೋ ಇಲ್ಲವೋ ಎಂದು ಅದು ಭೇದ ಮಾಡುವುದಿಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮಿತಿ. ವಾರಕ್ಕೆ ಒಂದು ದಿನ ರಜೆ. ಓಟಿಗೆ ಪ್ರತಿ ಸಲವೂ ಕಾರ್ಮಿಕರ ಒಪ್ಪಿಗೆ ಬೇಕು, ದರ ಒಂದೂವರೆ ಪಟ್ಟು. ವಾರದ ರಜೆಯ ದಿನ ದಿನಗೂಲಿಯವರನ್ನು ದುಡಿಸಿದರೆ ಎರಡು ಪಟ್ಟು, ಅಂದು 8 ಗಂಟೆ ಮೀರಿದರೆ ಮೂರು ಪಟ್ಟು. ಸಮುತ್ ಸಾಖೋನ್‌ನ ಕನಿಷ್ಠ ಕೂಲಿ 2025ರ ಜನವರಿಯಿಂದ ದಿನಕ್ಕೆ 372 ಬಾತ್. ಎಂಟರಿಂದ ಭಾಗಿಸಿದರೆ ಗಂಟೆಗೆ 46.50. ಓಟಿ ಗಂಟೆಗೆ 69.75. ದಿನಕ್ಕೆ ಮೂರು ಗಂಟೆಯೆಂದರೆ 209.25 ಬಾತ್, ತಿಂಗಳಿಗೆ 26 ದಿನ ಹಿಡಿದರೆ 5,440.50, ಮೂರು ತಿಂಗಳಿಗೆ 16,321.50 ಬಾತ್. ಆಕೆಯ ಕೂಲಿ ಕನಿಷ್ಠಕ್ಕಿಂತ ಹೆಚ್ಚಿದ್ದರೆ ಆ ದರದಲ್ಲೇ ಲೆಕ್ಕ ಹಾಕಬೇಕು. ಬಾಕಿಯ ಮೇಲೆ ವರ್ಷಕ್ಕೆ ಶೇ 15ರ ಬಡ್ಡಿಯೂ ಕಾಯ್ದೆಯಲ್ಲಿದೆ. ಬೇಕೆಂದೇ, ಕಾರಣವಿಲ್ಲದೆ ತಡೆಹಿಡಿದದ್ದಾದರೆ ಪ್ರತಿ ಏಳು ದಿನಕ್ಕೆ ಇನ್ನೂ ಶೇ 15 ಸೇರುತ್ತದೆ.

ಸಿಗಡಿ ಸುಲಿಯುವವರಲ್ಲಿ ಅನೇಕರಿಗೆ ಕಿಲೋ ಲೆಕ್ಕದಲ್ಲಿ ಕೂಲಿ. ‘ಇವರು ತುಂಡುಗುತ್ತಿಗೆಯವರು, ಇವರಿಗೆ ಓಟಿ ಇಲ್ಲ’ ಎಂದು ಮೇಲ್ವಿಚಾರಕರು ಹೇಳಿದರೆ ಅದು ತಪ್ಪು. ಓಟಿ ಹೊತ್ತಿನಲ್ಲಿ ಸುಲಿದ ಪ್ರತಿ ಕಿಲೋಗೂ ಒಂದೂವರೆ ಪಟ್ಟು ದರ ಕೊಡಬೇಕು. ಅದಕ್ಕೇ ಯಾವ ಕಿಲೋ ಎಷ್ಟು ಹೊತ್ತಿಗೆ ತೂಕವಾಯಿತು ಎಂಬ ದಾಖಲೆ ಮುಖ್ಯ.

ಆಕೆಗೆ ಒಂದು ನೋಟ್‌ಬುಕ್ ಕೊಡಿಸಿ. ಪುಟದಲ್ಲಿ ಆರು ಅಂಕಣ: ತಾರೀಖು, ಒಳಗೆ ಹೋದ ಹೊತ್ತು, ಊಟದ ಬಿಡುವು, ಹೊರಬಂದ ಹೊತ್ತು, ಮಾಡಿದ ಕೆಲಸ, ಹೇಳಿದ ಸೂಪರ್‌ವೈಸರ್. ಆಕೆಯೇ ಆಕೆಯ ಕೈಬರಹದಲ್ಲಿ ಬರ್ಮಾ ಭಾಷೆಯಲ್ಲೋ, ಅಲ್ಲಿನ ಮೋನ್ ಜನಾಂಗದವರಾದರೆ ಮೋನ್ ಭಾಷೆಯಲ್ಲೋ ಬರೆಯಲಿ. ನೀವು ಬರೆದುಕೊಟ್ಟರೆ ಅದು ನಿಮ್ಮ ದಾಖಲೆಯಾಗುತ್ತದೆ, ಆಕೆಯದಲ್ಲ. ಪ್ರತಿ ರಾತ್ರಿ ಪುಟದ ಫೋಟೊ ತೆಗೆದು ನಂಬಿಕೆಯ ಇನ್ನೊಬ್ಬರಿಗೆ ಲೈನ್ ಆ್ಯಪ್‌ನಲ್ಲೋ ಮೆಸೆಂಜರ್‌ನಲ್ಲೋ ಕಳಿಸಿದರೆ ತಾರೀಖು ತಾನಾಗಿ ದಾಖಲಾಗುತ್ತದೆ. ಕಳೆದ ಮೂರು ತಿಂಗಳದ್ದನ್ನು ಈಗ ನೆನಪಿನಿಂದ ತುಂಬಿಸುವಾಗ ‘ನೆನಪಿನಿಂದ ಬರೆದದ್ದು’ ಎಂದು ಮೇಲೆ ಬರೆಯಿರಿ. ಒಂದೇ ಪೆನ್ನಿನಲ್ಲಿ ಒಂದೇ ಸಲ ಬರೆದ ತೊಂಬತ್ತು ದಿನಗಳನ್ನು ದಿನಚರಿ ಎಂದು ತೋರಿಸಿದರೆ ಎದುರು ಪಕ್ಷದ ವಕೀಲರು ಎರಡು ನಿಮಿಷದಲ್ಲಿ ಕೆಡವುತ್ತಾರೆ. ಶಿಫ್ಟ್ ಬಗ್ಗೆ ಬಂದ ಮೆಸೇಜು, ಸಂಬಳ ಜಮೆಯಾದ ಬ್ಯಾಂಕ್ ಪುಸ್ತಕದ ಪುಟ, ಕಾರ್ಖಾನೆ ವ್ಯಾನಿನ ಹೊತ್ತು, ಜೊತೆಗೆ ದುಡಿದ ಇಬ್ಬರು ಮೂವರ ಹೇಳಿಕೆ, ಎಲ್ಲವೂ ಸಾಕ್ಷ್ಯವೇ. ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಮಾಲೀಕರು ಕಾರ್ಮಿಕರ ಪಟ್ಟಿ, ಕೂಲಿ ಮತ್ತು ಓಟಿ ಪಾವತಿಯ ದಾಖಲೆ ಇಟ್ಟಿರಲೇಬೇಕು. ಅವನ್ನು ತರಿಸಿ ನೋಡುವ ಅಧಿಕಾರ ಕಾರ್ಮಿಕ ನಿರೀಕ್ಷಕರಿಗಿದೆ. ಎಲ್ಲ ಪುರಾವೆಯನ್ನೂ ಬಡ ಕಾರ್ಮಿಕಳೇ ಹೊತ್ತು ತರಬೇಕು ಎಂದೇನೂ ಇಲ್ಲ.

ದೂರನ್ನು ಪ್ರಾಂತ್ಯದ ಕಾರ್ಮಿಕ ರಕ್ಷಣೆ ಮತ್ತು ಕಲ್ಯಾಣ ಕಚೇರಿಯಲ್ಲಿ ‘ಖೋ ರೋ 7’ ಎಂಬ ನಮೂನೆಯಲ್ಲಿ ಕೊಡಬೇಕು. ಶುಲ್ಕವಿಲ್ಲ. ನಿರೀಕ್ಷಕರು 60 ದಿನದಲ್ಲಿ ತನಿಖೆ ಮುಗಿಸಿ ಆದೇಶ ಕೊಡಬೇಕು, ಅಗತ್ಯವಿದ್ದರೆ ಇನ್ನು 30 ದಿನ ವಿಸ್ತರಿಸಬಹುದು. ಆದೇಶವಾದ 30 ದಿನದೊಳಗೆ ಮಾಲೀಕರು ಹಣ ಕೊಡಬೇಕು. ಒಪ್ಪದಿದ್ದರೆ ಅದೇ ಅವಧಿಯಲ್ಲಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು, ಆದರೆ ಆದೇಶದ ಮೊತ್ತವನ್ನು ಮೊದಲು ಕೋರ್ಟಿನಲ್ಲಿ ಠೇವಣಿ ಇಡಬೇಕು. ಈ ಠೇವಣಿಯ ನಿಯಮವಿರುವುದರಿಂದ ಎಷ್ಟೋ ಮಾಲೀಕರು ಆ ಹಂತದಲ್ಲಿ ರಾಜಿಗೆ ಬರುತ್ತಾರೆ. ಕಾರ್ಮಿಕರು ನೇರವಾಗಿ ನ್ಯಾಯಾಲಯಕ್ಕೂ ಹೋಗಬಹುದು, ಅಲ್ಲೂ ಶುಲ್ಕವಿಲ್ಲ. ಒಂದೇ ಬಾಕಿಗೆ ಎರಡೂ ಕಡೆ ಏಕಕಾಲಕ್ಕೆ ದೂರು ನಡೆಯುವುದಿಲ್ಲ. ಓಟಿ ಬಾಕಿಯಂಥ ನೇರ ಲೆಕ್ಕಕ್ಕೆ ನಿರೀಕ್ಷಕರ ದಾರಿಯೇ ವಾಸಿ. ಕಾರಣವಿಲ್ಲದೆ ಕೆಲಸದಿಂದ ತೆಗೆದದ್ದಕ್ಕೆ ಪರಿಹಾರ ಕೇಳುವುದಾದರೆ ನ್ಯಾಯಾಲಯ ಬೇಕು.

ಕೂಲಿ, ಓಟಿ ಬಾಕಿ ಕೇಳಲು ಎರಡು ವರ್ಷದ ಗಡುವು. ಅದಕ್ಕೂ ಹಿಂದಿನ ತಿಂಗಳುಗಳ ಬಾಕಿ ಒಂದೊಂದೇ ಕೈಬಿಟ್ಟು ಹೋಗುತ್ತದೆ. ‘ವರ್ಷದ ಕೊನೆಗೆ ಒಟ್ಟಿಗೆ ಕೊಡ್ತೀವಿ’ ಎಂಬ ಮಾತು ನಂಬಿ ಕಾಯುವವರು ಇದನ್ನು ತಿಳಿದಿರಬೇಕು.

ಕೆಲಸ ಹೋಗುವ ಭಯ ನಿಜವಾದದ್ದು, ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ತಪ್ಪು. ಕೆಲಸ ಬಿಟ್ಟ ದಿನದಿಂದ ಹೊಸ ಮಾಲೀಕರನ್ನು ಹುಡುಕಿ ಪರ್ಮಿಟ್ ಬದಲಿಸಿಕೊಳ್ಳಲು ಸಿಗುವ ಅವಧಿ ಕಡಿಮೆ. ಯಾವ ನೋಂದಣಿಯಲ್ಲಿ ಬಂದವರು ಎಂಬುದರ ಮೇಲೆ ಆ ಅವಧಿ ಬೇರೆಯಾಗುತ್ತದೆ. ದೂರು ಕೊಡುವ ಮುನ್ನವೇ ಉದ್ಯೋಗ ಇಲಾಖೆಯ 1694ಕ್ಕೆ ಆಕೆಯ ಕಾರ್ಡಿನ ವಿವರ ಹೇಳಿ ವಿಚಾರಿಸಿ. ಬರ್ಮಾ ಭಾಷೆಯಲ್ಲೂ ಮಾತಾಡಬಹುದು. ಒಬ್ಬಳೇ ಹೋಗುವುದಕ್ಕಿಂತ ಕಾರ್ಖಾನೆಯಲ್ಲಿ ಅದೇ ಸಾಲಿನಲ್ಲಿ ದುಡಿಯುವ ಹತ್ತು ಹದಿನೈದು ಮಂದಿ ಸೇರಿ ದೂರು ಕೊಟ್ಟರೆ ಒಬ್ಬರನ್ನೇ ಗುರಿಮಾಡುವುದು ಕಷ್ಟವಾಗುತ್ತದೆ, ಲೆಕ್ಕಕ್ಕೂ ಬಲ ಬರುತ್ತದೆ.

ಇಲ್ಲಿ ಒಂದು ಮೋಸವಿದೆ. ಅದನ್ನು ಆಕೆಗೆ ಬಾಯಿಪಾಠ ಮಾಡಿಸಿದರೂ ಸರಿ. ದೂರಿನ ಸುಳಿವು ಸಿಕ್ಕ ಕೂಡಲೇ ಆಫೀಸಿಗೆ ಕರೆದು ಒಂದು ಥಾಯ್ ಕಾಗದ ಮುಂದಿಡುತ್ತಾರೆ. ‘ಸಂಬಳ ತಗೊಂಡಿದ್ದಕ್ಕೆ ಸಹಿ’ ಎನ್ನುತ್ತಾರೆ. ಅದು ‘ಬೈ ಲಾ ಓಕ್’, ಅಂದರೆ ಸ್ವಂತ ಇಚ್ಛೆಯ ರಾಜೀನಾಮೆ ಪತ್ರವಾಗಿರುತ್ತದೆ. ಮಾಲೀಕರೇ ತೆಗೆದುಹಾಕಿದರೆ 120 ದಿನ ದಾಟಿ ದುಡಿದವರಿಗೆ 30 ದಿನದ ಕೂಲಿ, ಒಂದರಿಂದ ಮೂರು ವರ್ಷದೊಳಗಿನವರಿಗೆ 90 ದಿನದ್ದು, ಮೂರರಿಂದ ಆರು ವರ್ಷದೊಳಗಿನವರಿಗೆ 180 ದಿನದ್ದು ಪರಿಹಾರವಾಗಿ ಕೊಡಬೇಕು. 372 ಬಾತ್ ಕೂಲಿಯವರಿಗೆ 90 ದಿನವೆಂದರೆ 33,480 ಬಾತ್, ಇವರ ಓಟಿ ಬಾಕಿಯ ಎರಡರಷ್ಟು. ಒಂದು ಸಹಿಯಿಂದ ಅದು ಪೂರ್ತಿ ಹೋಗುತ್ತದೆ. ಓದಲು ಬಾರದ ಕಾಗದಕ್ಕೆ ಸಹಿ ಹಾಕುವುದಿಲ್ಲ, ಫೋಟೊ ತೆಗೆದುಕೊಂಡು ನಾಳೆ ಹೇಳುತ್ತೇನೆ ಎನ್ನುವುದನ್ನು ಥಾಯ್ ಭಾಷೆಯಲ್ಲೇ ಹೇಳಲು ಕಲಿಸಿ. ನಿರೀಕ್ಷಕರ ಕಚೇರಿಯ ರಾಜಿ ಪತ್ರಕ್ಕೂ ಇದೇ ಎಚ್ಚರ ಬೇಕು. ‘ಇನ್ನು ಯಾವ ಬಾಕಿಯನ್ನೂ ಕೇಳುವುದಿಲ್ಲ’ ಎಂಬ ಸಾಲು ಅದರಲ್ಲಿದ್ದರೆ, ಎಷ್ಟು ಸಿಗುತ್ತಿದೆ, ಎಷ್ಟು ಬಿಟ್ಟುಕೊಡುತ್ತಿದ್ದೇನೆ ಎಂದು ಆಕೆಗೆ ಅಂಕಿಯಲ್ಲಿ ಗೊತ್ತಿರಬೇಕು. ಅರ್ಧಕ್ಕೆ ರಾಜಿಯಾಗುವುದು ಆಕೆಯ ಹಕ್ಕು. ತಿಂಗಳ ಬಾಡಿಗೆ ಕಟ್ಟಬೇಕಾದವರು ನಾಳೆಯ ಪೂರ್ತಿ ಹಣಕ್ಕಿಂತ ಇವತ್ತಿನ ಅರ್ಧವನ್ನು ಆರಿಸಿದರೆ ನೀವು ಬೇಸರಪಟ್ಟುಕೊಳ್ಳಬಾರದು.

ಪಾಸ್‌ಪೋರ್ಟ್ ವಿಚಾರಕ್ಕೆ ಬರೋಣ. ವಿದೇಶಿ ಕಾರ್ಮಿಕರ ನಿರ್ವಹಣೆಗೆ 2017ರಲ್ಲಿ ಬಂದು 2018ರಲ್ಲಿ ತಿದ್ದುಪಡಿಯಾದ ಸುಗ್ರೀವಾಜ್ಞೆಯ ಪ್ರಕಾರ ಕಾರ್ಮಿಕರ ಪರ್ಮಿಟ್, ಗುರುತಿನ ದಾಖಲೆಗಳನ್ನು ವಶದಲ್ಲಿಟ್ಟುಕೊಂಡವರಿಗೆ ಆರು ತಿಂಗಳವರೆಗೆ ಜೈಲು, ಅಥವಾ 10,000ದಿಂದ 1,00,000 ಬಾತ್ ದಂಡ, ಅಥವಾ ಎರಡೂ. ಕಾರ್ಮಿಕರು ಒಪ್ಪಿದ್ದರೆ ಇಟ್ಟುಕೊಳ್ಳಬಹುದು, ಕೇಳಿದಾಗಲೆಲ್ಲ ಕೊಡಬೇಕು. ಆದ್ದರಿಂದ ಮಾಲೀಕರು ಸೇರುವಾಗಲೇ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರುವುದುಂಟು. ಅಂಥ ಪತ್ರವಿದ್ದರೂ ಕೇಳಿದಾಗ ಕೊಡಲೇಬೇಕು ಎಂಬುದು ನಮಗೆ ಆಸರೆ. ಬ್ಯಾಂಕ್ ಕೆಲಸಕ್ಕೆ ಬೇಕು ಎಂದು ಆಕೆ ಮೆಸೇಜ್ ಮೂಲಕ ಕೇಳಲಿ, ಉತ್ತರ ಉಳಿದಿರಲಿ. ಕೊಟ್ಟರೆ ಪ್ರತಿ ಪುಟದ ಫೋಟೊ ತೆಗೆದು, ಮತ್ತೆ ವಾಪಸು ಕೊಡದೆ ತಾನೇ ಇಟ್ಟುಕೊಳ್ಳಲಿ. ನಿರಾಕರಿಸಿದರೆ ಆ ಮೆಸೇಜೇ ದೂರಿನ ಪುರಾವೆ.

ಪರ್ಮಿಟ್ ಅವಧಿ ಮುಗಿದಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಕ್ರಮವೇ ಬೇರೆ. ಕೂಲಿ ಬಾಕಿಯ ಹಕ್ಕು ಆಗಲೂ ಇರುತ್ತದೆ, ಆದರೆ ಪರ್ಮಿಟ್ ಇಲ್ಲದೆ ದುಡಿದದ್ದಕ್ಕೆ 5,000ದಿಂದ 50,000 ಬಾತ್ ದಂಡ ಮತ್ತು ಗಡೀಪಾರಿನ ಅಪಾಯವೂ ಇರುತ್ತದೆ. ಅಂಥವರು ವಕೀಲರಿಲ್ಲದೆ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಬಾರದು. ಗಡೀಪಾರು ಈಗ ಬರಿಯ ಊರಿಗೆ ಮರಳುವ ಮಾತಲ್ಲ. 2021ರ ಫೆಬ್ರವರಿ 1ರ ಸೈನಿಕ ಕ್ರಾಂತಿಯ ನಂತರ ಬರ್ಮಾದಲ್ಲಿ ಅಂತರ್ಯುದ್ಧ ನಡೆದಿದೆ. 2024ರ ಫೆಬ್ರವರಿಯಲ್ಲಿ ಸೇನಾಡಳಿತ ಕಡ್ಡಾಯ ಸೈನಿಕ ಸೇವೆಯನ್ನು ಜಾರಿಗೆ ತಂದಿತು: ಗಂಡಸರಿಗೆ 18ರಿಂದ 35, ಹೆಂಗಸರಿಗೆ 18ರಿಂದ 27 ವಯಸ್ಸು. ‘ಅಷ್ಟು ಕಷ್ಟವಾದರೆ ಊರಿಗೆ ಹೋಗಬಾರದೇ’ ಎಂದು ಕೇಳುವವರಿಗೆ ಇದನ್ನು ತಿಳಿಸಿ. ಬೀಗ ಹಾಕಿ ಕೂಡಿಡುವುದು, ಹೊಡೆಯುವುದು, ಸಾಲ ತೀರುವವರೆಗೆ ಹೊರಗೆ ಬಿಡದಿರುವುದು ಕಂಡುಬಂದರೆ ಮಾತ್ರ ಕಾಯಬೇಡಿ, ಮಾನವ ಸಾಗಣೆ ಸಹಾಯವಾಣಿ 1300ಕ್ಕೆ ಕರೆ ಮಾಡಿ.

ನೀವೀಗ ಇರುವ ಊರಲ್ಲೇ ಬಲವಾದ ಸಂಸ್ಥೆಗಳಿವೆ. ಕಾರ್ಮಿಕರೇ 2009ರಲ್ಲಿ ಕಟ್ಟಿದ ಮೈಗ್ರಂಟ್ ವರ್ಕರ್ಸ್ ರೈಟ್ಸ್ ನೆಟ್‌ವರ್ಕ್, ಮಕ್ಕಳ ಶಿಕ್ಷಣ ಮತ್ತು ಸಾಗಣೆಗೊಳಗಾದವರ ರಕ್ಷಣೆಯಲ್ಲಿ ಪಳಗಿದ ಲೇಬರ್ ಪ್ರೊಟೆಕ್ಷನ್ ನೆಟ್‌ವರ್ಕ್, ವಕೀಲರ ನೆರವು ಕೊಡುವ ಹ್ಯೂಮನ್ ರೈಟ್ಸ್ ಅಂಡ್ ಡೆವಲಪ್‌ಮೆಂಟ್ ಫೌಂಡೇಶನ್ ಮಹಾಚಾಯ್‌ನಲ್ಲಿ ಬಹುಕಾಲ ಕೆಲಸ ಮಾಡಿವೆ. ದುಭಾಷಿ, ವಕೀಲ ಎರಡೂ ಸಿಗುವುದು ಇಂಥಲ್ಲೇ. ದಲ್ಲಾಳಿಗೆ ‘ಪಾಲು ಕೊಡ್ತೀವಿ, ದೂರು ನೀವೇ ನಡೆಸಿ’ ಎಂದು ಒಪ್ಪಿಸುವುದನ್ನು ತಪ್ಪಿಸಿ. ಬಂದ ಹಣಕ್ಕಿಂತ ಹೊಸ ಸಾಲವೇ ದೊಡ್ಡದಾಗುತ್ತದೆ.

ಸಂಘದ ವಿಷಯವನ್ನೂ ಹೇಳಬೇಕು. 1975ರ ಕಾರ್ಮಿಕ ಸಂಬಂಧ ಕಾಯ್ದೆಯಂತೆ ಥಾಯ್ ಪ್ರಜೆಗಳಲ್ಲದವರು ಯೂನಿಯನ್ ಸ್ಥಾಪಿಸುವಂತಿಲ್ಲ, ಪದಾಧಿಕಾರಿಗಳಾಗುವಂತಿಲ್ಲ. ಸದಸ್ಯರಾಗಬಹುದು. ಬರ್ಮಾದವರೇ ತುಂಬಿರುವ ಕಾರ್ಖಾನೆಯಲ್ಲಿ ಯೂನಿಯನ್ನೇ ಇಲ್ಲದಿರುವುದಕ್ಕೆ ಇದೇ ಕಾರಣ. ಇದು ದೊಡ್ಡ ಅನ್ಯಾಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಎರಡು ಬಾಗಿಲು ತೆರೆದಿವೆ. ಕಾರ್ಮಿಕರಲ್ಲಿ ಶೇ 15 ಮಂದಿ ಸಹಿ ಹಾಕಿದರೆ ಯೂನಿಯನ್ ಇಲ್ಲದೆಯೂ ಬೇಡಿಕೆ ಪತ್ರ ಸಲ್ಲಿಸಿ ಪ್ರತಿನಿಧಿಗಳ ಮೂಲಕ ಮಾತುಕತೆಗೆ ಕೂರಬಹುದು. 50 ಅಥವಾ ಹೆಚ್ಚು ಜನರಿರುವಲ್ಲಿ ಕಾರ್ಮಿಕರು ಆರಿಸಿದ ಕನಿಷ್ಠ ಐವರ ಕಲ್ಯಾಣ ಸಮಿತಿ ಇರಲೇಬೇಕು. ಅದರಲ್ಲಿ ಬರ್ಮಾದವರೂ ಇರಬಹುದು. ಕುಡಿಯುವ ನೀರು, ಶೌಚಾಲಯ, ಐಸ್‌ನಲ್ಲಿ ಕೈಯಿಟ್ಟು ದುಡಿಯುವವರಿಗೆ ಗ್ಲೌಸು, ಇವೆಲ್ಲ ಅಲ್ಲಿ ಬಗೆಹರಿಯುತ್ತವೆ.

ಸಾಮಾಜಿಕ ಭದ್ರತೆಯನ್ನು ಈಗಲೇ ಪರೀಕ್ಷಿಸಿ. ಸಂಬಳದಲ್ಲಿ ಶೇ 5 ಕಡಿತವಾಗುತ್ತದೆ, ಮಾಲೀಕರೂ ಅಷ್ಟೇ ಹಾಕಬೇಕು. ಕಡಿತ ಮಾಡಿ ಕಟ್ಟದೇ ಇರುವ ಕಾರ್ಖಾನೆಗಳೂ ಇವೆ. ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಆಸ್ಪತ್ರೆಗೆ ಹೋದ ದಿನ ಇದು ಬಯಲಾಗುತ್ತದೆ. ಆಕೆಯ ಸಂಖ್ಯೆ ಹೇಳಿ 1506ರಲ್ಲಿ ವಿಚಾರಿಸಿದರೆ ಎಷ್ಟು ತಿಂಗಳು ಕಟ್ಟಿದೆ ಎಂದು ಗೊತ್ತಾಗುತ್ತದೆ. ಕೆಲಸದಲ್ಲಿ ಗಾಯವಾದರೆ ಕಾರ್ಮಿಕ ಪರಿಹಾರ ನಿಧಿಗೆ 180 ದಿನದೊಳಗೆ ಅರ್ಜಿ ಹಾಕಬೇಕು. ಆಸ್ಪತ್ರೆಯಲ್ಲಿ ‘ಮನೆಯಲ್ಲಿ ಬಿದ್ದೆ’ ಎಂದು ಹೇಳಿಸುವ ಸೂಪರ್‌ವೈಸರ್‌ಗಳಿದ್ದಾರೆ. ವೈದ್ಯರ ಚೀಟಿಯಲ್ಲಿ ಹಾಗೆ ದಾಖಲಾದರೆ ಅರ್ಜಿ ಅಲ್ಲಿಗೇ ನಿಂತಂತೆ.

ಈಗ ಮಗು. 2005ರ ಜುಲೈ 5ರ ಥಾಯ್ ಸಚಿವ ಸಂಪುಟದ ನಿರ್ಣಯದಂತೆ ದಾಖಲೆ ಇರಲಿ ಇಲ್ಲದಿರಲಿ, ಯಾವ ದೇಶದ ಮಗುವೇ ಆಗಲಿ, ಸರ್ಕಾರಿ ಶಾಲೆಯಲ್ಲಿ ಓದಬಹುದು. 15 ವರ್ಷದ ಉಚಿತ ಶಿಕ್ಷಣ ಇವರಿಗೂ ಸಲ್ಲುತ್ತದೆ. ಮಗು ಥಾಯ್ಲೆಂಡಿನಲ್ಲೇ ಹುಟ್ಟಿದ್ದರೆ ಆಸ್ಪತ್ರೆ ಕೊಟ್ಟ ‘ಥೋ ರೋ 1/1’ ಚೀಟಿ ಹುಡುಕಿ. ಅದನ್ನು ಜಿಲ್ಲಾ ಕಚೇರಿಗೆ ಕೊಂಡೊಯ್ದು ಜನನ ನೋಂದಣಿ ಮಾಡಿಸಬೇಕು. 15 ದಿನದೊಳಗೆ ಮಾಡಿಸಬೇಕಾದದ್ದು, ತಡವಾದರೂ ಅವಕಾಶವಿದೆ, ತಂದೆ ತಾಯಿಗೆ ಪರ್ಮಿಟ್ ಇಲ್ಲದಿದ್ದರೂ ಇದೆ. ಬರ್ಮಾದಲ್ಲೇ ಹುಟ್ಟಿ ಬಂದದ್ದಾದರೆ ಅಲ್ಲಿನ ಜನನ ಪತ್ರ ಅಥವಾ ಮನೆಯವರ ಪಟ್ಟಿಯ ಫೋಟೊ ಸಾಕು. ಏನೂ ಇಲ್ಲದಿದ್ದರೆ ತಾಯಿ ಹೇಳಿದ ವಿವರವನ್ನೇ ಶಾಲೆ ಬರೆದುಕೊಂಡು ಸೇರಿಸಿಕೊಳ್ಳಬೇಕು.

ಹೆಡ್‌ಮಾಸ್ಟರರು ಹಿಂಜರಿದರೆ ಹೆಚ್ಚಿನ ಸಲ ಅದಕ್ಕೆ ದ್ವೇಷ ಕಾರಣವಲ್ಲ. 13 ಅಂಕಿಯ ಸಂಖ್ಯೆ ಇಲ್ಲದ ಮಗುವಿಗೆ ಅನುದಾನ ಬರುವುದಿಲ್ಲ ಎಂದುಕೊಂಡಿರುತ್ತಾರೆ. ಅದಕ್ಕೇ ‘ಜಿ ಕೋಡ್’ ಇರುವುದು. ಶಾಲೆ ಇಲಾಖೆಯ ವ್ಯವಸ್ಥೆಯಲ್ಲಿ ಮಗುವಿಗೆ ಜಿಯಿಂದ ಶುರುವಾಗುವ ಸಂಖ್ಯೆ ಪಡೆದರೆ ತಲಾ ಅನುದಾನ, ಊಟ, ಹಾಲು ಎಲ್ಲ ಬರುತ್ತದೆ. ಇನ್ನೊಂದು ಭಯ 2023ರದ್ದು. ಆಂಗ್ ಥಾಂಗ್ ಪ್ರಾಂತ್ಯದ ಶಾಲೆಯೊಂದು ದೂರದ ಗಡಿ ಭಾಗದಿಂದ ಕರೆತಂದು ಸೇರಿಸಿಕೊಂಡಿದ್ದ 126 ಮಕ್ಕಳನ್ನು ವಾಪಸು ಕಳಿಸಲಾಯಿತು, ಮುಖ್ಯಸ್ಥರ ಮೇಲೆ ಪ್ರಕರಣವೂ ಆಯಿತು. ಹೆತ್ತವರ ಜೊತೆ ಪಕ್ಕದ ಬೀದಿಯಲ್ಲೇ ಇರುವ ಮಗುವಿನ ವಿಚಾರ ಅದಲ್ಲ ಎಂದು ಬಾಡಿಗೆ ಚೀಟಿ, ತಾಯಿಯ ಕಾರ್ಡು ತೋರಿಸಿ ವಿವರಿಸಿ. ಆಗಲೂ ಒಪ್ಪದಿದ್ದರೆ ಶಿಕ್ಷಣ ವಲಯ ಕಚೇರಿಗೆ ಹೋಗಿ. ಮಹಾಚಾಯ್‌ನಲ್ಲಿ ಬರ್ಮಾ ಮಕ್ಕಳನ್ನು ವರ್ಷಗಳಿಂದ ತೆಗೆದುಕೊಳ್ಳುತ್ತಿರುವ ಶಾಲೆಗಳೂ ಇವೆ, ಅಲ್ಲಿಗೇ ಮೊದಲು ಹೋದರೆ ಈ ಜಗ್ಗಾಟವೇ ಇರುವುದಿಲ್ಲ.

ಬರ್ಮಾ ಭಾಷೆಯಲ್ಲಿ ಕಲಿಸುವ ವಲಸಿಗರ ಕಲಿಕಾ ಕೇಂದ್ರಗಳು ಇನ್ನೊಂದು ದಾರಿ. ಗಡಿಯ ಮೇ ಸೋಟ್ ಸುತ್ತ ಇವು ಹತ್ತಾರಿವೆ. ಮಕ್ಕಳಿಗೆ ಭಾಷೆ ಉಳಿಯುತ್ತದೆ, ಟೀಚರು ತಮ್ಮವರೇ ಆಗಿರುತ್ತಾರೆ. ಆದರೆ ಈ ಕೇಂದ್ರಗಳ ಪ್ರಮಾಣಪತ್ರಕ್ಕೆ ಥಾಯ್ ಶಾಲೆಗಳಲ್ಲಿ ಮಾನ್ಯತೆ ಇಲ್ಲ, ಪರವಾನಗಿ ತಕರಾರಿನಿಂದ ರಾತ್ರೋರಾತ್ರಿ ಮುಚ್ಚಿಸಿದ್ದೂ ಇದೆ. ಎಂಟು ವರ್ಷದ ಮಗುವಿಗೆ ನಾನು ಥಾಯ್ ಶಾಲೆಯನ್ನೇ ಹೇಳುತ್ತೇನೆ, ಭಾನುವಾರ ಬರ್ಮಾ ಅಕ್ಷರ ಕಲಿಯಲಿ. ಹದಿಮೂರು ದಾಟಿದ್ದರೆ ಕಲಿಕಾ ಕೇಂದ್ರ, ಜೊತೆಗೆ ಥಾಯ್ ಸರ್ಕಾರದ ಅನೌಪಚಾರಿಕ ಶಿಕ್ಷಣ ಎನ್ನುತ್ತಿದ್ದೆ. ಆ ವಯಸ್ಸಿನವರನ್ನು ಒಂದನೇ ತರಗತಿಯಲ್ಲಿ ಕೂರಿಸಿದರೆ ಬಹುಪಾಲು ಮಕ್ಕಳು ಓದು ಬಿಟ್ಟು ಕೆಲಸಕ್ಕೆ ಹೋಗುತ್ತಾರೆ. ಸಮುದ್ರಾಹಾರ ಸಂಸ್ಕರಣೆಯಲ್ಲಿ 18 ತುಂಬದವರನ್ನು ದುಡಿಸುವುದನ್ನು 2016ರಲ್ಲೇ ನಿಷೇಧಿಸಲಾಗಿದೆ, ಆದರೆ ವಯಸ್ಸು ಹೆಚ್ಚಿಸಿ ಕಾರ್ಡು ಮಾಡಿಸುವ ದಲ್ಲಾಳಿಗಳಿದ್ದಾರೆ.

ಥಾಯ್ ಶಾಲಾ ವರ್ಷ ಮೇ ಮಧ್ಯದಲ್ಲಿ ಶುರುವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಮೂರು ತಿಂಗಳು ಮುಂಚೆಯೇ ಶಾಲೆಯಲ್ಲಿ ಮಾತಾಡಿ. ಈ ಹುಡುಗನನ್ನು ಒಂದನೇ ತರಗತಿಗೋ ಅದಕ್ಕೂ ಕೆಳಗೋ ಹಾಕುತ್ತಾರೆ. ಥಾಯ್ ಅಕ್ಷರ, ನೂರರವರೆಗೆ ಎಣಿಕೆ ಕಲಿತು ಹೋದರೆ ಆ ದೂರ ಬೇಗ ಕಡಿಮೆಯಾಗುತ್ತದೆ. ಫೀಸು ಇಲ್ಲದಿದ್ದರೂ ವ್ಯಾನಿಗೆ ದುಡ್ಡು ಬೇಕು, ತಾಯಿ ಓಟಿ ಮುಗಿಸಿ ಬರುವವರೆಗೆ ಮಗುವನ್ನು ನೋಡಿಕೊಳ್ಳುವವರು ಬೇಕು. ಮಕ್ಕಳು ಶಾಲೆ ಬಿಡುವುದು ಹೆಚ್ಚಾಗಿ ಇವೆರಡಕ್ಕೇ. ನಾಲ್ಕು ಮನೆಯವರು ಸೇರಿ ಒಬ್ಬ ಅಜ್ಜಿಗೆ ಸ್ವಲ್ಪ ಹಣ ಕೊಟ್ಟು ಸಂಜೆ ಮಕ್ಕಳನ್ನು ಬಿಡುವ ಏರ್ಪಾಡಿಗೆ ನೆರವಾಗಿ. ಪುಸ್ತಕ ಕೊಡಿಸುವುದಕ್ಕಿಂತ ಇದರಿಂದ ಹೆಚ್ಚು ಪ್ರಯೋಜನ.

ಇನ್ನು ನಿಮ್ಮ ಪಾಠ. ಪತಿಯ ಅವಲಂಬಿತರ ವೀಸಾದಲ್ಲಿರುವವರು ಯಾವುದೇ ಕೇಂದ್ರದಲ್ಲಿ ಕಲಿಸಲು, ಸಂಬಳವಿಲ್ಲದ ಸೇವೆಯಾದರೂ, ಆ ಸಂಸ್ಥೆಯ ಮೂಲಕ ವರ್ಕ್ ಪರ್ಮಿಟ್ ಮಾಡಿಸಿಕೊಂಡೇ ಇಳಿಯಬೇಕು. ಇಲ್ಲವಾದರೆ ತಪಾಸಣೆ ಬಂದ ದಿನ ನಿಮ್ಮಿಂದ ಕೇಂದ್ರಕ್ಕೇ ತೊಂದರೆ. ಅಲ್ಲಿಯವರೆಗೆ ಬರ್ಮಾ ಶಿಕ್ಷಕಿಯರಿಗೆ ಪಾಠ ಸಾಮಗ್ರಿ ಸಿದ್ಧ ಮಾಡಿಕೊಡಬಹುದು. ಕನ್ನಡ ಬಲ್ಲ ನಿಮಗೆ ಒಂದು ಅನುಕೂಲವಿದೆ. ಬರ್ಮಾ ಮತ್ತು ಥಾಯ್ ಅಕ್ಷರಮಾಲೆ ಎರಡೂ ನಮ್ಮ ಕ, ಖ, ಗ, ಘ, ಙ ಕ್ರಮದಲ್ಲೇ ಸಾಗುತ್ತವೆ. ಬರ್ಮಾದವರು ಚ ವರ್ಗವನ್ನು ಸ, ಝ ಎಂದು ಉಚ್ಚರಿಸುತ್ತಾರೆ, ಥಾಯ್‌ನಲ್ಲಿ ಗ, ದ ಕುಟುಂಬದ ಅಕ್ಷರಗಳು ಖ, ಥ ಆಗಿವೆ, ಮೇಲೆ ಸ್ವರಭಾರದ ಗುರುತುಗಳು ಸೇರುತ್ತವೆ. ಎರಡನ್ನೂ ಅಕ್ಕಪಕ್ಕ ಬರೆದ ಒಂದು ತಖ್ತೆಯಿಂದ ಬರ್ಮಾ ಓದಲು ಬಲ್ಲವರು ಥಾಯ್ ಅಕ್ಷರಗಳನ್ನು ಬೇಗ ಹಿಡಿಯುತ್ತಾರೆ. ಮಹಾಚಾಯ್‌ನಲ್ಲಿ ಮೋನ್ ಜನ ಬಹಳ, ಅವರ ಲಿಪಿಯೂ ಬರ್ಮಾ ಲಿಪಿಗೆ ತೀರ ಹತ್ತಿರ. ಬರ್ಮಾದಿಂದ ಬಂದವರೆಲ್ಲರ ಮನೆಮಾತು ಬರ್ಮಾ ಭಾಷೆಯಲ್ಲ ಎಂಬುದು ನೆನಪಿರಲಿ.

ದೊಡ್ಡವರಿಗೆ ಮೊದಲ ಪಠ್ಯ ಸಂಬಳದ ಚೀಟಿಯೇ ಆಗಲಿ. ಹೆಸರು ಅಳಿಸಿದ ಒಂದು ಚೀಟಿಯನ್ನು ಎ3 ಹಾಳೆಗೆ ಹಿಗ್ಗಿಸಿ ಗೋಡೆಗೆ ಅಂಟಿಸಿ. ‘ಖಾ ಚಾಂಗ್’ ಕೂಲಿ, ‘ಓ ಥೀ’ ಓಟಿ, ‘ಹಾಕ್’ ಕಡಿತ, ‘ಪ್ರಕಾನ್ ಸಾಂಗ್‌ಖೋಮ್’ ಸಾಮಾಜಿಕ ಭದ್ರತೆ, ‘ಲಾ ಓಕ್’ ರಾಜೀನಾಮೆ. ಈ ಐದು ಪದಗಳನ್ನು ಗುರುತು ಹಿಡಿಯುವುದೇ ಮೊದಲ ತರಗತಿ. ಎರಡನೆಯದರಲ್ಲಿ 372ನ್ನು ಎಂಟರಿಂದ ಭಾಗಿಸಿ ಒಂದೂವರೆಯಿಂದ ಗುಣಿಸುವುದು, ಮೊದಲು ಕೈಯಲ್ಲಿ, ಆಮೇಲೆ ಫೋನಿನಲ್ಲಿ. ಮೂರನೆಯದರಲ್ಲಿ ಥಾಯ್ ಇಸವಿ: ನಮ್ಮ ಇಸವಿಗೆ 543 ಕೂಡಿಸಬೇಕು, 2025 ಎಂದರೆ 2568. ಪರ್ಮಿಟ್ ಮುಗಿಯುವ ತಾರೀಖು ಓದಲು ಇದು ಬೇಕೇ ಬೇಕು. ತರಗತಿ ಭಾನುವಾರ, ಒಂದೂವರೆ ಗಂಟೆ ಮೀರದಿರಲಿ. ವಾರವೆಲ್ಲ ಹನ್ನೊಂದು ಗಂಟೆ ನಿಂತು ದುಡಿದವರು ಅದಕ್ಕಿಂತ ಹೆಚ್ಚು ಹೊತ್ತು ಗಮನ ಕೊಡಲಾರರು. ಪಕ್ಕದಲ್ಲೇ ಮಕ್ಕಳಿಗೆ ಚಾಪೆ, ಬಣ್ಣದ ಪೆನ್ಸಿಲ್ ಇಡಿ, ಇಲ್ಲದಿದ್ದರೆ ತಾಯಂದಿರು ಎರಡನೇ ವಾರದಿಂದ ಬರುವುದಿಲ್ಲ.

ಇವತ್ತೇ ಶುರು ಮಾಡಬೇಕಾದ್ದು ನೋಟ್‌ಬುಕ್ಕು ಮತ್ತು 1694ರ ಕರೆ. ಮುಂದಿನ ಸಂಬಳದ ಚೀಟಿ ಕೈಗೆ ಬಂದ ಮೇಲೆ, ಅದರ ಫೋಟೊ ಮತ್ತು ಹೆಸರುಗಳ ಹಾಳೆ ತೆಗೆದುಕೊಂಡು ಮೇಲೆ ಹೇಳಿದ ಸಂಸ್ಥೆಗಳಲ್ಲಿ ಒಂದಕ್ಕೆ ಆಕೆಯೇ ಹೋಗಲಿ, ನೀವು ಜೊತೆಗಿರಿ.